ಬಿಡ್ತು ಅನ್ನಿ

ವರ್ಷದ ಕೊನೆಯ ವಾರ ಬಂತೆಂದರೆ ಕೆಲವರು, ಮುಂದಿನ ವರ್ಷ ಯಾವ ಯಾವ ಪ್ರಸಿದ್ಧರು ತೀರಿಕೊಳ್ಳಬಹುದೆಂದು ಊಹಿಸಿ, ಹತ್ತೋ ಇಪ್ಪತ್ತೋ ಹೆಸರುಗಳ ಪಟ್ಟಿ ಬರೆಯಲು ಕೂರುತ್ತಾರೆ. ಚಿತ್ರಗುಪ್ತನ ಕಡತವನ್ನು ಕದ್ದು ನೋಡುವ ಈ ಆಟದಲ್ಲಿ ಸಾಮಾನ್ಯವಾಗಿ ನೂರರಿಂದ ಮೃತರ ವಯಸ್ಸನ್ನು ಕಳೆದರೆ ಉಳಿಯುವುದೇ ಅಂಕ. ಜನವರಿ 1 ಕಳೆದ ಮೇಲೆ ಪಟ್ಟಿಯನ್ನು ತಿದ್ದುವಂತಿಲ್ಲ.

ಒಮ್ಮೆ ನಾನೂ ಪೆನ್ಸಿಲು ಹಿಡಿದು ಕುಳಿತೆ. ಹಿರಿಯರನ್ನೆಲ್ಲ ಬರೆದುಬಿಟ್ಟರಾಯಿತು ಎಂದುಕೊಂಡಿದ್ದವನಿಗೆ ಮೊದಲು ಎದುರಾದದ್ದು, ನಾನು ನೆನಪಿಸಿಕೊಂಡ ಹಿರಿಯರಲ್ಲಿ ಅರ್ಧದಷ್ಟು ಮಂದಿ ಎಂದೋ ಹೋಗಿಬಿಟ್ಟಿದ್ದಾರೆಂಬ ಸಂಗತಿ. ಉಳಿದವರ ಲೆಕ್ಕವೂ ಸುಲಭದ್ದಲ್ಲ. ನಟಿ ಬೆಟ್ಟಿ ವೈಟ್ 2021ರ ಡಿಸೆಂಬರ್ 31ರಂದು, ನೂರು ತುಂಬಲು 17 ದಿನವಿರುವಾಗ ತೀರಿಕೊಂಡರು. ವರ್ಷವಿಡೀ ಕಾದವನಿಗೆ ದಕ್ಕಿದ್ದು ಒಂದೇ ಅಂಕ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2023ರ ಫೆಬ್ರವರಿಯಲ್ಲಿ ಹೆಚ್ಚಿನ ಚಿಕಿತ್ಸೆ ಬೇಡವೆಂದು ಮನೆ ಸೇರಿದಾಗ ಆಟಗಾರರೆಲ್ಲ ಕಿವಿ ನಿಮಿರಿಸಿರಬೇಕು. ಅವರಾದರೋ ಮರುವರ್ಷದ ಅಕ್ಟೋಬರ್ 1ಕ್ಕೆ ನೂರು ತುಂಬಿಸಿಕೊಂಡು, ಡಿಸೆಂಬರ್ 29ಕ್ಕೆ ಹೊರಟರು. ನೂರರಿಂದ ನೂರು ಕಳೆದರೆ ಸೊನ್ನೆ.

ಕಾಯಿಲೆಯನ್ನು ನೆಚ್ಚೋಣವೆಂದರೆ ಸ್ಟೀಫನ್ ಹಾಕಿಂಗ್ ಅಡ್ಡ ನಿಲ್ಲುತ್ತಾರೆ. 1963ರಲ್ಲಿ, 21ರ ವಯಸ್ಸಿನಲ್ಲಿ, ವೈದ್ಯರು ಕೊಟ್ಟ ಎರಡು ವರ್ಷದ ಗಡುವನ್ನು ಅವರು 2018ರವರೆಗೆ ಎಳೆದರು. ಇದಕ್ಕಿಂತ ದುಬಾರಿಯಾದ ಪಾಠ ಫ್ರಾನ್ಸಿನ ಒಬ್ಬ ವಕೀಲರದ್ದು. 1965ರಲ್ಲಿ, 90 ವರ್ಷದ ಜಾನ್ ಕಾಲ್ಮಾ ಎಂಬ ಮುದುಕಿಗೆ ಅವರು, ಬದುಕಿರುವವರೆಗೆ ತಿಂಗಳಿಗೆ 2,500 ಫ್ರಾಂಕ್ ಕೊಡುತ್ತೇನೆ, ಆಮೇಲೆ ನಿಮ್ಮ ಮನೆ ನನಗೆ ಸೇರಲಿ ಎಂದು ಬರೆದುಕೊಟ್ಟರು. ಮೂವತ್ತು ವರ್ಷ ಹಣ ಕಟ್ಟಿ, 1995ರಲ್ಲಿ ವಕೀಲರೇ ತೀರಿಕೊಂಡರು. ಅವರ ಮನೆಯವರು ಕಂತು ಮುಂದುವರಿಸಿದರು. ಅಜ್ಜಿ 122 ವರ್ಷ ಬದುಕಿ 1997ರಲ್ಲಿ ಕಣ್ಣುಮುಚ್ಚಿದರು.

ನನ್ನ ಪಟ್ಟಿಯಲ್ಲಿ ಒಂಬತ್ತು ಹೆಸರು ತುಂಬಿದ ಮೇಲೆ, ಚಿಕ್ಕಂದಿನಿಂದ ಕೇಳುತ್ತ ಬಂದ ಒಬ್ಬ ಹಿರಿಯ ಗಾಯಕಿ ನೆನಪಾದರು. ವಯಸ್ಸು, ಆರೋಗ್ಯ, ಅಂಕ ಎಲ್ಲವೂ ಹೊಂದುತ್ತಿತ್ತು. ಮೊದಲಕ್ಷರ ಬರೆದವನಿಗೆ ಒಳಗಿನಿಂದ ಯಾರೋ 'ಬಿಡ್ತು ಅನ್ನು' ಎಂದು ಗದರಿದಂತಾಯಿತು, ರಬ್ಬರಿನಿಂದ ಉಜ್ಜಿದೆ. ಆ ಜಾಗಕ್ಕೆ ನನಗೆ ಕಂಡರಾಗದ ಒಬ್ಬ ರಾಜಕಾರಣಿಯನ್ನು ಹಾಕೋಣವೆಂದರೆ, ಅದು ಊಹೆಯೋ ಹಾರೈಕೆಯೋ ಎಂದು ನನಗೇ ಅನುಮಾನ. ಕೊನೆಗೆ, ಹೆಸರಷ್ಟೇ ಗೊತ್ತಿದ್ದ ಒಬ್ಬ ಮುದಿ ನಿರ್ದೇಶಕರಿಂದ ಹತ್ತು ತುಂಬಿಸಿದೆ. ಎಷ್ಟಾದರೂ, ಪರಿಚಯವಿಲ್ಲದವರ ಸಾವನ್ನು ಊಹಿಸುವುದು ಸಲೀಸು.

ಹಾಗೆಂದುಕೊಂಡದ್ದೂ ತಪ್ಪಾಯಿತು. ಆಗಸ್ಟಿನಲ್ಲಿ ಆ ನಿರ್ದೇಶಕರು ಆಸ್ಪತ್ರೆ ಸೇರಿದ ಸುದ್ದಿ ಓದಿದ ದಿನದಿಂದ, ಬೆಳಿಗ್ಗೆ ಎದ್ದ ಕೂಡಲೇ ಅವರ ಜ್ವರ ಇಳಿಯಿತೇ ಎಂದು ನೋಡುವುದೇ ನನ್ನ ಕೆಲಸವಾಯಿತು. ಅವರು ಗಾಲಿಕುರ್ಚಿಯಲ್ಲಿ ಕೈಬೀಸುತ್ತ ಮನೆಗೆ ಹೊರಟ ಚಿತ್ರ ಕಂಡಾಗ, ಕೈಯಿಂದ ಜಾರಿದ ಅಂಕಗಳ ನೆನಪೇ ಬರಲಿಲ್ಲ. ಡಿಸೆಂಬರ್ ಮುಗಿದಾಗ ನನ್ನ ಹತ್ತೂ ಮಂದಿ ಕ್ಷೇಮವಾಗಿದ್ದರು. ಗೆಳೆಯರು ನನ್ನ ಸೊನ್ನೆಯನ್ನು ನೋಡಿ ನಕ್ಕರು. ನಾನು ಹೊಸ ಹಾಳೆ ತೆಗೆದು, ಮೊದಲ ಸಾಲಿನಲ್ಲೇ ಆ ಗಾಯಕಿಯ ಹೆಸರು ಬರೆದೆ, ಈ ಸಲ ಪೆನ್ನಿನಲ್ಲಿ.