ಉಪ್ಪು ಓದುವ ಗಂಡ

ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಈಗ ಉಪ್ಪಿನ ಡಬ್ಬಿಗಳದೇ ಒಂದು ಸಾಲು. ಸಣ್ಣುಪ್ಪು, ಹರಳುಪ್ಪು, ಗುಲಾಬಿ ಉಪ್ಪು, ಕರಿ ಉಪ್ಪು. ಸಾಲದ್ದಕ್ಕೆ ಬಿ.ಪಿ. ಇದ್ದವರಿಗೆ ಅಂತ ಸೋಡಿಯಂ ಕಡಿಮೆ ಇರುವ ಉಪ್ಪು ಬೇರೆ. ನಮ್ಮ ಮನೆಯಲ್ಲಿ ಯಾರಿಗೂ ಬಿ.ಪಿ. ಇರಲಿಲ್ಲ. ಈಗ ನನಗೆ ಬರುವ ಹಾಗಿದೆ.

ಕಾರಣ ಇಷ್ಟೇ, ನಮ್ಮನೆಯವರು ರಿಟೈರ್ ಆದರು. ರಿಟೈರ್ ಆದ ಧಾರವಾಡದ ಗಂಡಸರು ಬೆಳಿಗ್ಗೆ ಕರ್ನಾಟಕ ಕಾಲೇಜಿನ ಮೈದಾನ ಸುತ್ತುತ್ತಾರೆ, ಚಹಾ ಕುಡಿದು ಮನೆಗೆ ಬರುತ್ತಾರೆ. ಇವರು ಅದರ ಜೊತೆಗೆ ಕಿರಾಣಿಯನ್ನೂ ಕೈಗೆ ತಗೊಂಡರು. ಇವರಿಗೊಂದು ಚಟ. ಪಾಕೀಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರ ಇರುತ್ತವಲ್ಲ, ಅವನ್ನು ಓದದೆ ಏನನ್ನೂ ಕೊಳ್ಳುವುದಿಲ್ಲ. ಮನಸ್ಸಿನಲ್ಲೇ ಓದಿಕೊಂಡರೆ ನನ್ನ ತಕರಾರಿಲ್ಲ. ಜೋರಾಗಿ ಓದುತ್ತಾರೆ. ಸರ್ವಿಸ್ ತುಂಬಾ ಸಾಹೇಬರ ಮುಂದೆ ಫೈಲು ಓದಿದ ದನಿ ಅದು.

ಮೊನ್ನೆ ಸಂಜೆ ಸೂಪರ್ ಮಾರ್ಕೆಟ್ ಹತ್ತಿರ ಒಂದು ಅಂಗಡಿಗೆ ಹೋದೆವು. ಜಿಟಿಜಿಟಿ ಮಳೆ, ಅಂಗಡಿ ತುಂಬಾ ಜನ. ನಾನು ಕೇಳಿದ್ದು ಒಂದು ಕಿಲೋ ಉಪ್ಪು. ಇವರು ಕನ್ನಡಕ ಹಣೆಗೇರಿಸಿ, ಪಾಕೀಟನ್ನು ಟ್ಯೂಬ್‌ಲೈಟಿನ ಕಡೆ ಎತ್ತಿ ಹಿಡಿದು ಶುರು ಮಾಡಿದರು.

"ಆ್ಯಂಟಿ ಕೇಕಿಂಗ್ ಏಜೆಂಟ್, ಐಎನ್‌ಎಸ್ 536. ಏನ್ರೀ ಇದು?"

"ಉಪ್ಪರೀ ಸರ ಅದು."

"ಉಪ್ಪು ಖರೇ. 536 ಏನು?"

"ಲಾಟ್ ನಂಬರ್ ಇರಬೇಕ್ರೀ."

ಅಲ್ಲಿಗೆ ಬಿಡಬೇಕಲ್ಲ! ಮೊಬೈಲ್ ತೆಗೆದರು. ನೆಟ್‌ವರ್ಕ್ ತಿರುಗಿತು, ತಿರುಗಿತು. ಹಿಂದೆ ನಿಂತ ಹುಡುಗ ಹಾಲಿನ ಪಾಕೀಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಯಾರೋ ಕೆಮ್ಮಿದರು. ಕೊನೆಗೆ ಇವರ ದನಿ ಅಂಗಡಿ ತುಂಬಿತು: "ಪೊಟ್ಯಾಸಿಯಂ ಫೆರೋ... ಸೈನೈಡ್!"

'ಫೆರೋ' ಯಾರಿಗೂ ಕೇಳಿಸಲಿಲ್ಲ. 'ಸೈನೈಡ್' ಮಾತ್ರ ರಸ್ತೆಯಾಚೆ ಮಿರ್ಚಿ ಕರಿಯುವವನಿಗೂ ಕೇಳಿಸಿರಬೇಕು. ಬಾಜೂಕ ನಿಂತಿದ್ದ ಅಜ್ಜಿಯೊಬ್ಬರು ತಮ್ಮ ಚೀಲದಿಂದ ಉಪ್ಪಿನ ಪಾಕೀಟು ಹೊರಗೆ ತೆಗೆದು ಕೌಂಟರಿನ ಮೇಲೆ ಇಟ್ಟರು. "ಯಪ್ಪಾ, ನನ್ನ ರೊಕ್ಕ ವಾಪಸ್ ಕೊಡು. ಇದನ್ನ ತಗೊಂಡ ಬಾ ಅಂತ ಸೊಸಿ ಯಾಕ ಹೇಳಿದ್ಲು ಅಂತ ಈಗ ತಿಳೀತು."

ಅಂಗಡಿಯವರು ಇವರಿಗೆ ಏನೂ ಅನ್ನಲಿಲ್ಲ. ನನ್ನ ಕಡೆ ತಿರುಗಿ, "ಅಕ್ಕಾರ, ಮುಂದಿನ ಸರ್ತಿ ಫೋನ್ ಮಾಡ್ರಿ. ಮನೀಗೇ ಕಳಸ್ತೇನಿ" ಅಂದರು.

ಕೆಮಿಸ್ಟ್ರಿ ಓದಿದ ಮಗಳು ಫೋನಿನಲ್ಲೇ ಹಣೆ ಚಚ್ಚಿಕೊಂಡಳು. ಉಪ್ಪು ಗಂಟು ಕಟ್ಟದಿರಲಿ ಅಂತ ಕಿಲೋಗೆ ಕೆಲವೇ ಮಿಲಿಗ್ರಾಂ ಹಾಕುತ್ತಾರಂತೆ. ಅದರಲ್ಲಿನ ಸೈನೈಡ್ ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ಹೊಟ್ಟೆಗೆ ಹೋದರೂ ಸುಲಭಕ್ಕೆ ಬಿಡುವುದಿಲ್ಲ. ಕಾನೂನಿನ ಒಪ್ಪಿಗೆಯೂ ಇದೆ. ಇಷ್ಟು ಹೇಳಿದರೂ ಮರುದಿನ ಗುಲಾಬಿ ಉಪ್ಪು ಮನೆಗೆ ಬಂತು.

ಪಾಕೀಟಿನ ಮೇಲೆ ಹಿಮದ ಬೆಟ್ಟ. ಈ ಉಪ್ಪಿನ ದೊಡ್ಡ ಗಣಿ ಇರುವುದು ಪಾಕಿಸ್ತಾನದ ಖೇವ್ರಾದಲ್ಲಿ. ಅಲ್ಲಿಂದ ಹಿಮದ ಬೆಟ್ಟವೇನೂ ಹತ್ತಿರ ಇಲ್ಲ. ಗುಲಾಬಿ ಬಣ್ಣ ಬರುವುದು ಕಬ್ಬಿಣದ ಆಕ್ಸೈಡಿನಿಂದ. ಅಂದರೆ ನಮ್ಮ ಹಿತ್ತಲ ಗೇಟಿಗೆ ಹಿಡಿದಿದೆಯಲ್ಲ ತುಕ್ಕು, ಅದರದೇ ಬಳಗ. ಆ ಗೇಟಿಗೆ ಬಣ್ಣ ಹೊಡೆಸಿ ಅಂದರೆ ಇವರ ಹತ್ತಿರ ರೊಕ್ಕ ಇಲ್ಲ. ನಮ್ಮತ್ತೆ ಏಕಾದಶಿಗೆ ತರಿಸುತ್ತಿದ್ದ ಸೈಂಧವ ಲವಣವೂ ಇದೇ. ಒಂದು ಹೆಂಟೆ ತಂದರೆ ಎಷ್ಟೋ ಏಕಾದಶಿ ಸಾಗುತ್ತಿದ್ದವು. ಈಗ ದಿನಾ ಸಾರಿಗೆ ಅದನ್ನೇ ಹಾಕಬೇಕಂತೆ. ಇದಕ್ಕೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. ಕುತ್ತಿಗೆ ಊದಿಸುವ ಗಳಗಂಡ ತಡೆಯಲು ಸರ್ಕಾರ 1962ರಿಂದ ಹೆಣಗಿದ್ದೇ ಉಪ್ಪಿಗೆ ಅಯೋಡಿನ್ ಹಾಕಿಸಲಿಕ್ಕೆ. ನಾವು ಜಾಸ್ತಿ ರೊಕ್ಕ ಕೊಟ್ಟು ಅದಿಲ್ಲದ್ದನ್ನು ತರುವುದು.

ಇದೆಲ್ಲ ಹಾಳಾಗಿ ಹೋಗಲಿ, ನನ್ನ ಸಿಟ್ಟಿಗೆ ಬೇರೆ ಕಾರಣ ಇದೆ. ಡಬ್ಬಿ ಬದಲಾದಂತೆ ಕೈ ಲೆಕ್ಕ ತಪ್ಪುತ್ತದೆ. ಸಣ್ಣುಪ್ಪು ಚಮಚದಲ್ಲಿ ಒತ್ತಾಗಿ ಕೂರುತ್ತದೆ. ಹರಳುಪ್ಪಿನ ನಡುವೆ ಗಾಳಿ ಇರುತ್ತದೆ, ಅದೇ ಚಮಚಕ್ಕೆ ಉಪ್ಪು ಕಡಿಮೆ. ಒಂದು ದಿನ ಉಪ್ಪಿಟ್ಟು ಸಪ್ಪೆ, ಮರುದಿನ ಝುಣಕ ಬಾಯಿಗೆ ಇಡುವ ಹಾಗಿಲ್ಲ. ಮೊದಲ ತುತ್ತು ಬಾಯಿಗಿಡುವ ಮೊದಲೇ ಇವರ ಪ್ರಶ್ನೆ ಬರುತ್ತದೆ: "ಇವತ್ತ ಯಾವ ಉಪ್ಪು ಹಾಕೀದಿ?"

ನಮ್ಮ ಅವ್ವನಿಗೆ ಚಮಚವೇ ಬೇಕಿರಲಿಲ್ಲ. ಗದಗ ಕಡೆಯ ನಮ್ಮೂರಲ್ಲಿ ಹರಳುಪ್ಪಿನ ಚೀಲ ರಾತ್ರಿಯೂ ಅಂಗಡಿಯ ಹೊರಗೇ ಬಿದ್ದಿರುತ್ತಿತ್ತು. ಕಳ್ಳರೂ ಮುಟ್ಟುತ್ತಿರಲಿಲ್ಲ. ಕೆಂಪು ಮೆಣಸಿನಕಾಯಿ ರಂಜಕ ಕುಟ್ಟುವಾಗ ಅವ್ವ ಹಿಡಿ ತುಂಬಾ ಹರಳು ಒರಳಿಗೆ ಹಾಕಿದರೆ ಕರಕರ ಸದ್ದು ಪಡಸಾಲೆಗೆ ಕೇಳಿಸುತ್ತಿತ್ತು. ರುಚಿ ನೋಡುತ್ತಿರಲಿಲ್ಲ. ಕುದಿಯುವ ಸಾರಿನ ವಾಸನೆ ತಗೊಂಡು, "ಇನ್ನೊಂದ್ ಚಿಟಿಕಿ ಬೇಕು" ಅನ್ನುತ್ತಿದ್ದಳು. ಬೇಕೇ ಇರುತ್ತಿತ್ತು. ಆ ಮೂಗು ನನಗೆ ಬರಲಿಲ್ಲ.

ಈಗ ನಾನೇ ಒಂದು ಕಾಯಿದೆ ಮಾಡಿದ್ದೇನೆ. ದಿನದ ಅಡುಗೆಗೆ ಸಾದಾ ಅಯೋಡಿನ್ ಉಪ್ಪು. ರಂಜಕಕ್ಕೆ, ಉಪ್ಪಿನಕಾಯಿಗೆ ಹರಳುಪ್ಪು. ಲೋಟ ನೀರಿಗೆ ಒಂದು ಚಮಚ ಹಾಕಿ ಕಲಕಿದರೆ ತಳದಲ್ಲಿ ಮಣ್ಣು ಕೂರಬಾರದು, ಅಷ್ಟು ಸಾಕು. ಸೋಡಿಯಂ ಕಡಿಮೆಯ ಡಬ್ಬಿ ಅಟ್ಟಕ್ಕೇರಿತು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ತಿನ್ನಬಾರದು. ಇದನ್ನೂ ಇವರೇ ಓದಿ ಹೇಳಿದರು, ರೊಕ್ಕ ಕೊಟ್ಟು ತಂದ ಮೇಲೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನೂ ಓದಿ ಹೇಳಿದರು. ಆಗ ಕೈಯಲ್ಲಿ ಮಿರ್ಚಿ ಇತ್ತು.

ಇಷ್ಟೆಲ್ಲ ಓದಿದವರಿಗೆ ಪಾಕೀಟಿನ ಮೇಲಿನ ನಗುವ ಸೂರ್ಯ ಕಂಡಿರಲಿಲ್ಲ. ಅಯೋಡಿನ್ ಇದೆ ಅನ್ನುವುದಕ್ಕೆ ಅದೇ ಗುರುತು. ಬೆರಳಿಟ್ಟು ತೋರಿಸಿದೆ. "ಹೌದಾ? ನಿನಗ ಯಾರ್ ಹೇಳಿದ್ರು?" ಅಂತ ಮೊಬೈಲ್ ತೆಗೆದು ಕೂತರು.

ಎಣ್ಣೆ ಮುಗಿಯುತ್ತ ಬಂದಿದೆ. ಇವರಿಗಿನ್ನೂ ಹೇಳಿಲ್ಲ.