ಲಿಸ್ಟ್ ಫೈನಲ್, ನಿಜವಾದ ಫೈನಲ್

ವಿದೇಶದಲ್ಲಿ ಓದಲು ಅರ್ಜಿ ಹಾಕಬೇಕಾದ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಚಿಕ್ಕದು ಮಾಡೋಣ ಅಂತ ಕಂಪ್ಯೂಟರ್ ಮುಂದೆ ಕೂತಾಗ ಅದರಲ್ಲಿ 43 ಹೆಸರಿದ್ದವು. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಕಷ್ಟಪಟ್ಟು ಕತ್ತರಿಸಿದೆ. ಊಟಕ್ಕೆ ಏಳುವ ಮುಂಚೆ ಎಣಿಸಿದೆ. 51 ಇದ್ದವು.

ನನ್ನ ತಪ್ಪೇನೂ ಇಲ್ಲ. ಒಂದು ಹೆಸರನ್ನು ಅಳಿಸಬೇಕಾದರೆ ಅದಕ್ಕೊಂದು ಕಾರಣ ಬೇಕಲ್ವಾ? ಕಾರಣ ಹುಡುಕಲು ಅದರ ವೆಬ್‌ಸೈಟಿಗೆ ಹೋಗುತ್ತೇನೆ. ಅಲ್ಲಿ ಒಬ್ಬ ಪ್ರೊಫೆಸರ್ ಪ್ರವಾಹದ ಬಗ್ಗೆ ಏನೋ ಚೆನ್ನಾಗಿರುವ ಕೆಲಸ ಮಾಡಿರುತ್ತಾರೆ. ಅದನ್ನು ಅವರು ಇನ್ನೆರಡು ವಿಶ್ವವಿದ್ಯಾಲಯದವರ ಜೊತೆ ಸೇರಿ ಮಾಡಿರುತ್ತಾರೆ. ಆ ಎರಡೂ ಪಟ್ಟಿಗೆ ಬರುತ್ತವೆ. ಅಳಿಸಬೇಕು ಅಂದುಕೊಂಡದ್ದು ಅಲ್ಲೇ ಇರುತ್ತದೆ. ಇಷ್ಟೊಳ್ಳೆ ಪ್ರೊಫೆಸರ್ ಇರುವ ಜಾಗವನ್ನು ಯಾರು ಬಿಡುತ್ತಾರೆ?

ನಾನು ಓದಬೇಕೆಂದಿದ್ದದ್ದು ಜಲಸಂಪನ್ಮೂಲ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್. 2024ರ ಕೊನೆಯ ತಿಂಗಳುಗಳು. ಮೊದಲು ರ‍್ಯಾಂಕಿಂಗ್ ನೋಡಿ ಕತ್ತರಿಸೋಣ ಅಂದುಕೊಂಡೆ. ಎಲ್ಲರೂ ಹಾಗೇ ಶುರು ಮಾಡುವುದು. ಒಂದು ರ‍್ಯಾಂಕಿಂಗ್ ನೋಡಿದ್ದರೆ ಬದುಕುತ್ತಿದ್ದೆ. ಮೂರು ನೋಡಿದೆ. ಒಂದೇ ವಿಶ್ವವಿದ್ಯಾಲಯವನ್ನು ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು.

ಆಮೇಲೆ ಅವು ಏನನ್ನು ಎಣಿಸುತ್ತವೆ ಅಂತ ಓದಿದೆ. 2003ರಲ್ಲಿ ಶುರುವಾದ ಶಾಂಘೈ ರ‍್ಯಾಂಕಿಂಗ್‌ನಲ್ಲಿ ನೂರಕ್ಕೆ 30 ಅಂಕ ನೊಬೆಲ್ ಬಹುಮಾನ ಮತ್ತು ಗಣಿತದ ಫೀಲ್ಡ್ಸ್ ಪದಕಕ್ಕೆ. ಅಲ್ಲಿ ಓದಿದವರಿಗೆ ಬಂದಿದ್ದರೆ 10, ಅಲ್ಲಿ ಪಾಠ ಮಾಡುವವರಿಗೆ ಬಂದಿದ್ದರೆ 20. ಚರಂಡಿ ನೀರು ಎತ್ತ ಹರಿಯಬೇಕು ಅಂತ ಲೆಕ್ಕ ಹಾಕುವ ನಮ್ಮ ವಿಷಯಕ್ಕೆ ನೊಬೆಲ್ಲೇ ಇಲ್ಲ. ಕ್ಯೂಎಸ್‌ನವರು ತಮ್ಮ ರ‍್ಯಾಂಕಿಂಗ್‌ಗಾಗಿ ಬೇರೆ ಬೇರೆ ಕಡೆಯ ಪ್ರಾಧ್ಯಾಪಕರನ್ನು ‘ಯಾವುದು ಒಳ್ಳೇದು’ ಅಂತ ಕೇಳುತ್ತಾರೆ. ಆ ಅಭಿಪ್ರಾಯಕ್ಕೆ ಮೊದಲು ನೂರಕ್ಕೆ 40 ಅಂಕ ಇತ್ತು. 2024ರ ಆವೃತ್ತಿಯಿಂದ 30 ಮಾಡಿದರು, ಹೊಸದಾಗಿ ಮೂರು ವಿಷಯ ಸೇರಿಸಿದರು. ಅಷ್ಟಕ್ಕೇ ನನ್ನ ಪಟ್ಟಿಯಲ್ಲಿದ್ದ ಎಷ್ಟೋ ಹೆಸರು ಮೇಲೆ ಕೆಳಗೆ ಆಗಿದ್ದವು. ಅಲ್ಲಿ ಒಂದು ಇಟ್ಟಿಗೆಯೂ ಅಲ್ಲಾಡಿರಲಿಲ್ಲ, ಇಲ್ಲಿ ನಾನು ಎರಡು ರಾತ್ರಿ ನಿದ್ದೆ ಬಿಟ್ಟೆ.

ರ‍್ಯಾಂಕಿಂಗ್ ಬೇಡ, ನಾನೇ ಅಂಕ ಕೊಡುತ್ತೇನೆ ಅಂತ ಸ್ಪ್ರೆಡ್‌ಶೀಟ್ ಮಾಡಿದೆ. ಎಂಜಿನಿಯರ್ ಅಲ್ವಾ, ಅಹಂಕಾರ. ಊರಿಗೊಂದು ಕಾಲಂ, ಫೀಸಿಗೊಂದು, ಚಳಿಗೊಂದು, ‘ಒಳಗೊಳಗೇ ಇಷ್ಟ’ ಅನ್ನುವುದಕ್ಕೂ ಒಂದು. ‘ಸೇರುವುದು ಎಷ್ಟು ಕಷ್ಟ’ ಅನ್ನುವ ಕಾಲಂನಲ್ಲಿ ಅವರು ಕೇಳುವ ಇಂಗ್ಲಿಷ್ ಅಂಕವನ್ನು ತುಂಬಿದೆ. ಬ್ರಿಟನ್‌ನವರು ಐಇಎಲ್‌ಟಿಎಸ್‌ನಲ್ಲಿ 7 ಕೇಳಿದ್ದರು, 9ಕ್ಕೆ. ಅಮೆರಿಕದವರು ಟೋಫೆಲ್‌ನಲ್ಲಿ 100 ಕೇಳಿದ್ದರು, ಆಗ ಅದು 120ಕ್ಕೆ. ಎರಡನ್ನೂ ಒಂದೇ ಕಾಲಂನಲ್ಲಿ ಹಾಕಿ ಹೋಲಿಸಿದೆ. ಬ್ರಿಟನ್‌ಗಿಂತ ಅಮೆರಿಕ ಹದಿನಾಲ್ಕು ಪಟ್ಟು ಕಷ್ಟ ಅಂತ ಉತ್ತರ ಬಂತು. ಜರ್ಮನಿಯವರು ಕೇಳುವ ಡಿಗ್ರಿ ಅಂಕವನ್ನೂ ಅದೇ ಕಾಲಂಗೆ ತುಂಬಿದೆ. ಅಲ್ಲಿ ಅಂಕ ಉಲ್ಟಾ. 1.0 ಅಂದರೆ ಅತಿ ಒಳ್ಳೆಯದು, 4.0 ಅಂದರೆ ಹೇಗೋ ಪಾಸು. ‘2.5ರೊಳಗೆ ಇರಬೇಕು’ ಅಂತ ಒಂದು ಕಡೆ ಬರೆದಿತ್ತು. ನನ್ನ ಶೀಟಿನ ಪ್ರಕಾರ ಅಲ್ಲಿಗೆ ಯಾರು ಬೇಕಾದರೂ ನಡೆದುಕೊಂಡು ಹೋಗಿ ಸೇರಬಹುದಿತ್ತು.

ಇದು ಸಣ್ಣ ತಪ್ಪು. ದೊಡ್ಡದು ಇನ್ನೂ ಇದೆ.

ಒಂದು ಭಾನುವಾರ ಫೀಸ್ ಕಡಿಮೆಯಿಂದ ಜಾಸ್ತಿಗೆ ಜೋಡಿಸಿ ನೋಡೋಣ ಅನ್ನಿಸಿತು. ಫೀಸಿನ ಕಾಲಂ ಮಾತ್ರ ಆರಿಸಿಕೊಂಡು ಗುಂಡಿ ಒತ್ತಿದೆ. ಕಂಪ್ಯೂಟರ್ ಪಾಪ ಒಂದು ಪ್ರಶ್ನೆ ಕೇಳಿತು. ಪಕ್ಕದ ಕಾಲಂಗಳನ್ನೂ ಜೊತೆಗೆ ಸರಿಸಲಾ, ಇದನ್ನೊಂದೇ ಸರಿಸಲಾ ಅಂತ. ನಾನು ಓದಲಿಲ್ಲ. ಇಂಥ ಪ್ರಶ್ನೆಗಳನ್ನು ಓದುವ ಅಭ್ಯಾಸ ಇದ್ದಿದ್ದರೆ ಜೀವನದಲ್ಲಿ ಎಷ್ಟೋ ಸುಧಾರಿಸುತ್ತಿದ್ದೆ. ಸರಸರ ಅಂತ ಫೀಸುಗಳು ಮೇಲೆ ಕೆಳಗೆ ಓಡಿದವು. ಹೆಸರುಗಳು ಇದ್ದಲ್ಲೇ ಕೂತಿದ್ದವು.

ಪಟ್ಟಿಯ ಮೊದಲ ಸಾಲಿನಲ್ಲಿ ನನ್ನ ಕನಸಿನ ವಿಶ್ವವಿದ್ಯಾಲಯ. ಅಮೆರಿಕದ್ದು, ಖಾಸಗಿ. ಅದರ ಮುಂದೆ ಈಗ ಸೊನ್ನೆ. ಕೊನೆಯ ಸಾಲಿನಲ್ಲಿ ಜರ್ಮನಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯ. ಅದರ ಮುಂದೆ 60,000. ಅಷ್ಟು ದಿನ ಹಗಲೂ ರಾತ್ರಿ ಅದೇ ಪಟ್ಟಿ ನೋಡಿದವನಿಗೆ ಒಂದು ಕ್ಷಣಕ್ಕಾದರೂ ಅನುಮಾನ ಬರಬೇಕಿತ್ತು. ಬಂದದ್ದು ಅನುಮಾನವಲ್ಲ, ಕಣ್ಣೀರು. ‘ಇದನ್ನು ಮೊದಲೇ ಸರಿಯಾಗಿ ನೋಡಲೇ ಇಲ್ವಲ್ಲ’ ಅಂತ. ಅಮ್ಮನನ್ನು ಕರೆದು ‘ಫೀಸೇ ಇಲ್ಲವಂತೆ’ ಅಂದೆ. ಅಮ್ಮ ದೇವರಿಗೆ ಕೈ ಮುಗಿದರು. ಅದೇ ಖುಷಿಯಲ್ಲಿ ಜರ್ಮನಿಯ ಐದು ಹೆಸರನ್ನು ‘ತುಂಬಾ ದುಬಾರಿ’ ಅಂತ ಅಳಿಸಿ ಹಾಕಿದೆ. ಅಷ್ಟು ವಾರಗಳಲ್ಲಿ ಪಟ್ಟಿ ಮೊದಲ ಸಲ ಚಿಕ್ಕದಾದದ್ದು ಆವತ್ತೇ.

ಒಂದು ವಾರ ಹಾಗೇ ಇತ್ತು. ಅಕ್ಕ ಬಂದಳು. ಶೀಟನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದಳು.

‘ಅಲ್ವೋ, ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ 60 ಸಾವಿರ, ಅಮೆರಿಕದ ಖಾಸಗಿಗೆ ಸೊನ್ನೆ. ಯಾವ ಲೋಕದಲ್ಲೋ ಇದು?’

‘ಸ್ಕಾಲರ್‌ಶಿಪ್ ಇರಬೇಕು ಕಣೆ.’

‘ಎಲ್ಲರಿಗೂ? ನಿನಗೂ?’

ಆ ‘ನಿನಗೂ’ ಸ್ವಲ್ಪ ಜಾಸ್ತಿ ಆಯಿತು ಅಂತ ಈಗಲೂ ಅನ್ನಿಸುತ್ತದೆ. ಆದರೆ ಅವಳು ಹೇಳಿದ್ದು ಸರಿ. ಸಂಖ್ಯೆಗಳನ್ನು ಮತ್ತೆ ಒಂದೊಂದಾಗಿ ಹುಡುಕಿ ತುಂಬಿದೆವು. ಆಗ ಇನ್ನೊಂದು ಗೊತ್ತಾಯಿತು. 28,000 ಅಂತ ಬರೆದಿದ್ದೆ, ಪೌಂಡೋ ಡಾಲರೋ ಬರೆದಿರಲಿಲ್ಲ. ಅಕ್ಕ ಏನೂ ಅನ್ನಲಿಲ್ಲ. ಸುಮ್ನೆ ನನ್ನ ಮುಖ ನೋಡಿದಳು.

ಜರ್ಮನಿಯ ಐದೂ ವಾಪಸ್ ಬಂದವು. ಆದರೆ ಸೊನ್ನೆ ಅಂದರೆ ಪೂರ್ತಿ ಸೊನ್ನೆಯೂ ಅಲ್ಲ. ಅಲ್ಲಿನ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನಿಂದ ಬಂದವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಫೀಸ್ ಇದೆ. ಫೀಸ್ ಇಲ್ಲದ ಕಡೆಯೂ ವೀಸಾಕ್ಕೆ ವರ್ಷದ ಖರ್ಚು ತೋರಿಸಬೇಕು. ಸಾಮಾನ್ಯವಾಗಿ ಬ್ಲಾಕ್ಡ್ ಅಕೌಂಟ್ ಅಂತ ತೆರೆದು ಮೊದಲೇ 11,904 ಯೂರೋ ಹಾಕಿಡುತ್ತಾರೆ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಮಾತ್ರ ಕೈಗೆ ಸಿಗುತ್ತದೆ. ನಮ್ಮದೇ ದುಡ್ಡನ್ನು ನಮಗೇ ತಿಂಗಳ ಖರ್ಚಿಗೆ ಅಂತ ಎಣಿಸಿ ಕೊಡುತ್ತಾರೆ. ನನ್ನಂಥವನಿಗೆ ಅದು ಒಳ್ಳೇದೇ ಅಂದಳು ಅಕ್ಕ.

ಹೆಸರುಗಳ ಗೋಳು ಬೇರೆ. ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯ ಅಂತ ಬರೆದುಕೊಂಡು ವಾರಿಕ್ ಊರಿನ ಹಳೇ ಕೋಟೆಯ ಫೋಟೋ ನೋಡುತ್ತಾ, ಸಂಜೆ ಹೊತ್ತು ಅದರ ಪಕ್ಕ ನಡೆಯುವ ಕನಸು ಕಂಡೆ. ವಿಶ್ವವಿದ್ಯಾಲಯ ಇರುವುದು ಕೋವೆಂಟ್ರಿಯ ಅಂಚಿನಲ್ಲಿ. ಯಾರ್ಕ್ ಯೂನಿವರ್ಸಿಟಿ ಕೆನಡಾದ ಟೊರಾಂಟೋದಲ್ಲಿದೆ, ಯೂನಿವರ್ಸಿಟಿ ಆಫ್ ಯಾರ್ಕ್ ಇಂಗ್ಲೆಂಡಿನಲ್ಲಿದೆ. ಮಯಾಮಿ ಯೂನಿವರ್ಸಿಟಿಯಲ್ಲಿ ಸಮುದ್ರ ಇಲ್ಲ. ಅದಿರುವುದು ಒಹಾಯೋ ರಾಜ್ಯದಲ್ಲಿ, ಆ ಊರಿನ ಹೆಸರು ಆಕ್ಸ್‌ಫರ್ಡ್! ಸಮುದ್ರ ಬೇಕಾದವರು ಫ್ಲಾರಿಡಾದ ಯೂನಿವರ್ಸಿಟಿ ಆಫ್ ಮಯಾಮಿಗೆ ಹೋಗಬೇಕು. ನಾರ್ತ್‌ವೆಸ್ಟರ್ನ್ ಇರುವುದು ಶಿಕಾಗೋ ಪಕ್ಕದಲ್ಲಿ. ಅದು ಶುರುವಾದ 1851ರ ಹೊತ್ತಿಗೆ ಹಳಬರು ಆ ಕಡೆಯನ್ನೇ ವಾಯವ್ಯ ಅನ್ನುತ್ತಿದ್ದರಂತೆ. ಆಮೇಲೆ ದೇಶ ಬೆಳೆಯಿತು, ಹೆಸರು ಅಲ್ಲೇ ಉಳಿಯಿತು.

ಇಷ್ಟೆಲ್ಲ ತಿಳಿದವನು ಹುಷಾರಾಗಿರಬೇಕಿತ್ತು. ಮಾಸ್ಟರ್ಸ್ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಗೆ ಹೋದೆ. 1 ಗಂಟೆ 58 ನಿಮಿಷದ ಪರೀಕ್ಷೆ, ಮೊದಲಿನದಕ್ಕೆ ಹೋಲಿಸಿದರೆ ಅರ್ಧ. ಮುಗಿದಾಗ ತಲೆ ಮಾತ್ರ ಪೂರ್ತಿ ಖಾಲಿ. ಆ ಹೊತ್ತಿಗೇ ಕಂಪ್ಯೂಟರ್ ಕೇಳುತ್ತದೆ: ನಿಮ್ಮ ಅಂಕವನ್ನು ನಾಲ್ಕು ಕಡೆಗೆ ಪುಕ್ಕಟೆ ಕಳಿಸುತ್ತೇವೆ, ಎಲ್ಲಿಗೆ ಹೇಳಿ. ಪುಕ್ಕಟೆ ಅಂದಾಕ್ಷಣ ಕೈ ತಾನಾಗಿ ಓಡಿತು. ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ಗೆ ಕಳಿಸಬೇಕಿತ್ತು. ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಗೆ ಕಳಿಸಿ ಬಂದೆ. ಅದು ಅದೇ ರಾಜ್ಯದ ಇನ್ನೊಂದು ತುದಿಯ ಪುಲ್‌ಮನ್‌ನಲ್ಲಿದೆ, 400 ಕಿಲೋಮೀಟರ್‌ಗೂ ಜಾಸ್ತಿ ದೂರ. ಮನೆಗೆ ಬಂದು ನೋಡಿದರೆ ಪಟ್ಟಿಯಲ್ಲಿದ್ದ ಅರ್ಧದಷ್ಟು ಕೋರ್ಸ್‌ಗಳು ಜಿಆರ್‌ಇ ಕೇಳಿಯೇ ಇರಲಿಲ್ಲ.

ಡೆಡ್‌ಲೈನ್ ಕೂಡ ಒಂದಿಷ್ಟು ಕತ್ತರಿಸಿಕೊಟ್ಟಿತು. ಅಮೆರಿಕದ ಒಂದು ಅರ್ಜಿಯನ್ನು ನಮ್ಮ ಗಡಿಯಾರದ ಮಧ್ಯರಾತ್ರಿಗೆ ಎರಡು ನಿಮಿಷ ಇರುವಾಗ, ಕೈ ನಡುಗುತ್ತಾ ಕಳಿಸಿದ್ದೆ. ಅವರ ಊರಿನಲ್ಲಿ ಇನ್ನೂ ಆ ದಿನದ ಬೆಳಗು ಅಂತ ಆಮೇಲೆ ಗೊತ್ತಾಯಿತು. ಓಹೋ, ಕೈಯಲ್ಲಿ ಎಷ್ಟೋ ಗಂಟೆ ಇರುತ್ತದೆ ಅಂತ ಪಾಠ ಕಲಿತೆ. ಆ ಪಾಠವನ್ನು ಆಸ್ಟ್ರೇಲಿಯಾದ ಒಂದು ಅರ್ಜಿಗೆ ಬಳಸಿದೆ. ಅಲ್ಲಿ ಆಗಲೇ ನಾಳೆ ಆಗಿತ್ತು.

ಹೀಗೆ ಬಿದ್ದು ಎದ್ದು 14ಕ್ಕೆ ಬಂದೆ. ಆಮೇಲೆ ಒಂದೂ ಕಡಿಮೆಯಾಗಲಿಲ್ಲ. ಸೀಟು ಸಿಗುವ ಸಾಧ್ಯತೆ ನೋಡಿ ಐದು ಆಂಬಿಷಿಯಸ್, ಐದು ಮಾಡರೇಟ್, ನಾಲ್ಕು ಸೇಫ್ ಅಂತ ಬಣ್ಣ ಹಚ್ಚಿದೆ. ಚೆಂದ ಕಾಣುತ್ತಿತ್ತು. ಅದನ್ನು ಪ್ರಿಂಟ್ ಮಾಡಿಕೊಂಡು, ಶಿಫಾರಸು ಪತ್ರ ಕೇಳಲು ನಮ್ಮ ಪ್ರೊಫೆಸರ್ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಪಟ್ಟಿಯನ್ನು ನೋಡಿದರು. ಹಿಂದೆ ಮುಂದೆ ತಿರುಗಿಸಿದರು.

‘ಏನಪ್ಪಾ, ಇದರಲ್ಲಿ ಯಾವುದಕ್ಕೆ ಪತ್ರ ಬೇಕು?’

‘ಎಲ್ಲದಕ್ಕೂ ಸರ್.’

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಿಧಾನಕ್ಕೆ ವಿವರಿಸಿದರು. ಪತ್ರ ಒಂದೇ ಆದರೂ ಪ್ರತಿ ವಿಶ್ವವಿದ್ಯಾಲಯವೂ ಅವರಿಗೆ ಬೇರೆ ಲಿಂಕ್ ಕಳಿಸುತ್ತದೆ. ಎಷ್ಟೋ ಕಡೆ ಬೇರೆ ಪಾಸ್‌ವರ್ಡ್ ಮಾಡಬೇಕು. ಈ ಹುಡುಗ ನೀವು ಪಾಠ ಮಾಡಿದವರಲ್ಲಿ ಮೊದಲ ಶೇಕಡಾ 5ರಲ್ಲಿ ಇದ್ದಾನಾ, 10ರಲ್ಲಿ ಇದ್ದಾನಾ, 25ರಲ್ಲಿ ಇದ್ದಾನಾ ಅಂತ ಗುರುತು ಹಾಕಬೇಕು. ಬುದ್ಧಿಗೆ ಒಂದು ಸಲ, ಶ್ರಮಕ್ಕೆ ಒಂದು ಸಲ, ಬರವಣಿಗೆಗೆ ಒಂದು ಸಲ.

‘ನಿನ್ನನ್ನು ಒಂದು ಸಲ 10ರಲ್ಲಿ ಕೂರಿಸಬಹುದು. ಹದಿನಾಲ್ಕು ಸಲ ಕೂರಿಸೋ ಅಷ್ಟು ಧೈರ್ಯ ನನಗಿಲ್ಲ ಕಣಪ್ಪಾ. ಆರು ತಗೊಂಡು ಬಾ. ಏಳನೆಯದಕ್ಕೆ ನನ್ನ ಹೆಸರು ಹಾಕಬೇಡ.’

ಎರಡು ತಿಂಗಳು, ಮೂರು ರ‍್ಯಾಂಕಿಂಗ್, ಇಪ್ಪತ್ತೆರಡು ಕಾಲಂ. ಇವೆಲ್ಲ ಸೇರಿ ಮಾಡಲಾಗದ ಕೆಲಸವನ್ನು ಅವರು ಎರಡು ನಿಮಿಷದಲ್ಲಿ ಮಾಡಿ ಮುಗಿಸಿದರು. ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಪೆನ್ನು ತೆಗೆದೆ. ವಿಚಿತ್ರ ಏನೆಂದರೆ, ಆಗ ಯಾವ ಕಾಲಂ ಕೂಡ ನೆನಪಿಗೆ ಬರಲಿಲ್ಲ. ಈ ಕೋರ್ಸಿನಲ್ಲಿ ಅಂತರ್ಜಲ ಇದೆಯಾ? ದುಡ್ಡು ಹೊಂದುತ್ತದಾ? ಇದೊಂದೇ ಕಡೆ ಸಿಕ್ಕಿದರೂ ಖುಷಿಯಿಂದ ಹೋಗುತ್ತೀನಾ? ಮೂರನೇ ಪ್ರಶ್ನೆಗೆ ಸೇಫ್ ನಾಲ್ಕರಲ್ಲಿ ಮೂರು ಬಿದ್ದುಹೋದವು. ಹೋಗುವ ಮನಸ್ಸೇ ಇಲ್ಲದ ಕಡೆಗೆ ಅರ್ಜಿ ಫೀಸ್ ಯಾಕೆ ಕಟ್ಟಬೇಕು? ಕನಸಿನ ವಿಶ್ವವಿದ್ಯಾಲಯವೂ ಬಿತ್ತು. ಅಲ್ಲಿ ನನ್ನ ವಿಷಯ ಪಾಠ ಮಾಡುವವರು ಒಬ್ಬರೇ, ಅವರೂ ಆ ವರ್ಷ ರಜೆಯಲ್ಲಿದ್ದರು. ಅದನ್ನು ನಾನು ತಿಂಗಳ ಹಿಂದೆಯೇ ಓದಿದ್ದೆ. ಕಾಲಂ ಇರಲಿಲ್ಲ, ಬರೆದುಕೊಂಡಿರಲಿಲ್ಲ.

ಆರಕ್ಕೆ ಅರ್ಜಿ ಹಾಕಿದೆ. ಮೊದಲು ಬಂದ ಉತ್ತರ ಉಳಿದಿದ್ದ ಆ ಒಂದು ಸೇಫ್‌ನಿಂದ. ರಿಜೆಕ್ಟ್. ಎರಡು ಕಡೆ ಸಿಕ್ಕಿತು, ಒಂದು ಕಡೆ ಬಂದು ಸೇರಿದೆ. ಅದು ಅಕ್ಕ ವಾಪಸ್ ತರಿಸಿದ ಐದರಲ್ಲಿ ಒಂದು. ತಿಂಗಳಿಗೆ 992 ಯೂರೋ ಎಣಿಸಿಕೊಂಡು ಬದುಕುತ್ತಿದ್ದೇನೆ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಅವಳ ಜೊತೆ ಕೆಲಸ ಮಾಡುವವರ ಮಗಳು ಮುಂದಿನ ವರ್ಷ ಹೊರಡಬೇಕಂತೆ, ಎಲ್ಲಿಂದ ಶುರು ಮಾಡುವುದು ಗೊತ್ತಾಗುತ್ತಿಲ್ಲವಂತೆ. ‘ಅಷ್ಟು ಕಷ್ಟಪಟ್ಟು ಶೀಟ್ ಮಾಡಿದ್ದೀಯಲ್ಲ, ಕಳಿಸೋ ಪಾಪ.’ ಅನುಭವಸ್ಥನ ಗತ್ತಿನಲ್ಲಿ ಕಳಿಸಿದೆ. ಫೋಲ್ಡರ್‌ನಲ್ಲಿ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’, ‘ಇದೇ ಫೈನಲ್’ ಅಂತ ನಾಲ್ಕಿದ್ದವು. ‘ನಿಜವಾದ ಫೈನಲ್’ ಕಳಿಸಿದೆ. ರಾತ್ರಿ ಆ ಹುಡುಗಿಯ ಮೆಸೇಜ್ ಬಂತು.

‘ತುಂಬಾ ಥ್ಯಾಂಕ್ಸ್ ಅಣ್ಣಾ. ಮೊದಲನೇ ವಿಶ್ವವಿದ್ಯಾಲಯದಲ್ಲಿ ಫೀಸೇ ಇಲ್ವಂತಲ್ಲ, ಗೊತ್ತೇ ಇರಲಿಲ್ಲ! ಅಮ್ಮ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ.’