ಸತ್ಯಾಂಶ: ಆಕಾಶಗಂಗೆಯ ಕಪ್ಪು ಪಟ್ಟಿ ಡಾರ್ಕ್ ಮ್ಯಾಟರ್ ಅಲ್ಲ

ಹುಬ್ಬಳ್ಳಿ-ಧಾರವಾಡದ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಆಕಾಶಗಂಗೆಯ ಫೋಟೊ ಒಂದು ಓಡಾಡುತ್ತಿದೆ. ನಡುವಿನ ಕಪ್ಪು ಪಟ್ಟಿಗೆ ಗೆರೆ ಎಳೆದು, 'ಇದೇ ಡಾರ್ಕ್ ಮ್ಯಾಟರ್, ನಕ್ಷತ್ರಗಳ ಬೆಳಕು ನುಂಗುತ್ತಿದೆ, ಮುಂದೆ ಸೂರ್ಯನ ಸರದಿ' ಎಂದು ಬರೆದಿದ್ದಾರೆ. ಇದು ಸುಳ್ಳು. ಡಾರ್ಕ್ ಮ್ಯಾಟರ್ ಅಂದರೆ ಕಣ್ಣಿಗೆ ಕಾಣದ, ಸೆಳೆತದಿಂದ ಮಾತ್ರ ಗೊತ್ತಾಗುವ ವಸ್ತು. ಮಕ್ಕಳು ಹೆದರುತ್ತಾರೆ, ದಯವಿಟ್ಟು ಮುಂದೆ ಕಳಿಸಬೇಡಿ.

ಆ ಪಟ್ಟಿ ಬರೀ ದೂಳು. ಗದಗದ ಕಪ್ಪತಗುಡ್ಡದ ಕಡೆ, ದೀಪಗಳಿಲ್ಲದ ಹೊಲದಲ್ಲಿ ನಿಂತು, ಏಪ್ರಿಲ್ ಅಮಾವಾಸ್ಯೆಯ ಆಸುಪಾಸು ಬೆಳಗಿನ ಜಾವ ದಕ್ಷಿಣಕ್ಕೆ ನೋಡಿ. ಬರಿಗಣ್ಣಿಗೇ ಕಾಣುತ್ತದೆ. ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ, ದೂಳು ದಾಟಿ ಬರುವ ಕಿರಣ) ಹಿಡಿಯುವ ದೂರದರ್ಶಕಗಳು ಆ ದೂಳಿನ ಹಿಂದಿರುವ ನಕ್ಷತ್ರಗಳನ್ನೂ ತೋರಿಸುತ್ತವೆ.

ಡಾರ್ಕ್ ಮ್ಯಾಟರ್ ಬೆಳಕನ್ನು ತಡೆಯುವುದೇ ಇಲ್ಲ. ಬೆಳಕು ಅದರೊಳಗಿಂದ ಸುಮ್ನೆ ದಾಟಿ ಹೋಗುತ್ತದೆ. ಹಾಗಾದರೆ ಅದು ಇದೆ ಅಂತ ಹೇಗೆ ಗೊತ್ತಾಯಿತು? ಅದರ ಸೆಳೆತದಿಂದ. ನಮ್ಮ ಸೌರಮಂಡಲದಲ್ಲಿ ಭೂಮಿ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡಿದರೆ, ದೂರದ ನೆಪ್ಚೂನ್ ಸುಮಾರು 5 ಕಿ.ಮೀ. ಅಷ್ಟೇ. ದೂರ ಹೋದಷ್ಟೂ ವೇಗ ಕಡಿಮೆ. ನಕ್ಷತ್ರಗಳ ದೊಡ್ಡ ಗುಂಪುಗಳಾದ ಗ್ಯಾಲಕ್ಸಿಗಳಲ್ಲೂ ಹಾಗೇ ಇರಬೇಕಿತ್ತು, ಅಲ್ವಾ? ಆದರೆ ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಆಂಡ್ರೊಮೀಡಾ ಗ್ಯಾಲಕ್ಸಿಯ ಅನಿಲದ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ವೇಗ ಅಳೆದಾಗ ಅಂಚಿನಲ್ಲೂ ವೇಗ ಅಷ್ಟಾಗಿ ಇಳಿದಿರಲಿಲ್ಲ. ಇಂಥ ವೇಗಕ್ಕೆ ಕಾಣುವ ನಕ್ಷತ್ರಗಳ ತೂಕ ಸಾಲದು. ಕಾಣದ್ದು ಇನ್ನೂ ಜಾಸ್ತಿ ಇರಬೇಕು. ದೂರದ ಗ್ಯಾಲಕ್ಸಿಗಳ ಬೆಳಕು ದಾರಿಯಲ್ಲಿ ಸೆಳೆತಕ್ಕೆ ಸಿಕ್ಕಿ ಎಷ್ಟು ಬಾಗಿದೆ ಎಂದು ಅಳೆದರೂ ಇದೇ ಉತ್ತರ ಸಿಗುತ್ತದೆ.

ಡಾರ್ಕ್ ಮ್ಯಾಟರ್ ಯಾವ ಕಣ ಎಂಬುದು ಇನ್ನೂ ಪತ್ತೆಯಾಗಿಲ್ಲ. ಆದರೆ ಸೂರ್ಯ ಹುಟ್ಟಿದಾಗಿನಿಂದ, ಅಂದರೆ ಸುಮಾರು 460 ಕೋಟಿ ವರ್ಷಗಳಿಂದ, ಅದರ ನಡುವೆಯೇ ಸುತ್ತುತ್ತಾ ಬೆಳಗುತ್ತಿದ್ದಾನೆ.